ದರ್ಜಿ ತಾತ ಹೊಲಿದ ಬಾಯಿಕುಕ್ಕೆ

ಮಾರ್ಚ್ ೧೪, ರಾತ್ರಿ ಒಂದೂವರೆ

ಮಗು ಅಂಬೆಗಾಲಿಟ್ಟಾಗಿನಿಂದ ನನಗೆ ಮೇಲಿನ ಮನೆಯ ನಾಯಿಯದೇ ಭಯ. ದೂರು ಕೊಟ್ಟವಳೂ ನಾನೇ. ಇವತ್ತು ನಗರಸಭೆಯ ಅಧಿಕಾರಿ ಬಂದರು. ಮೆಟ್ಟಿಲಲ್ಲಿ ನಾಯಿ ಕಚ್ಚದಂತೆ ಅದರ ಮೂತಿಗೆ ಬಾಯಿಕುಕ್ಕೆ ಕಡ್ಡಾಯ, ಹಗ್ಗ ಒಂದೂವರೆ ಮೀಟರ್ ಮೀರಬಾರದು, ತಪ್ಪಿದರೆ ನಾಯಿಯನ್ನು ಒಯ್ಯುತ್ತಾರಂತೆ. ನಾಯಿ ಸಾಕಿದ ದರ್ಜಿ ತಾತ ಟೇಪು ಹಿಡಿದು ಹಗ್ಗ ಅಳೆದು ತೋರಿಸಿದರು. ಕುಕ್ಕೆಯನ್ನೂ ನೋಟಿಸು ಬಂದ ದಿನವೇ ಅವರೇ ಹೊಲಿದಿಟ್ಟಿದ್ದರು, ಮೂಗು ಉಜ್ಜದಂತೆ ಒಳಗೆ ಮೆತ್ತನೆ ಬಟ್ಟೆ ಕೊಟ್ಟು.

"ಯಾರಿಗಾದ್ರೂ ಕಚ್ಚಿದೆಯಾ?" ಎಂದು ಅಧಿಕಾರಿ ಕೇಳುತ್ತಿದ್ದಂತೆ, ಹಲ್ಲು ಬರುತ್ತಿರುವ ನನ್ನ ಮಗಳು ನನ್ನ ಸೊಂಟದ ಮೇಲಿಂದಲೇ ಬಾಗಿ ಅವರ ಬೆರಳು ಕಚ್ಚಿಬಿಟ್ಟಳು!

"ತಡಿಯಮ್ಮಾ, ಇವಳ ಅಳತೇನೂ ತಗೋತೀನಿ," ಎಂದರು ತಾತ. ಅಧಿಕಾರಿ ನಗುತ್ತಲೇ ಎಲ್ಲ ಸರಿಯಿದೆಯೆಂದು ಸಹಿ ಹಾಕಿದರು.

ದಿನಾ ಹನ್ನೊಂದಕ್ಕೆ ಬೊಗಳುವ ನಾಯಿ ಇನ್ನೂ ಬೊಗಳಿಲ್ಲ. ಮಲಗುವಾಗ ಕುಕ್ಕೆ ಬಿಚ್ಚಬಹುದೆಂದು ತಾತನಿಗೆ ಯಾರಾದರೂ ಹೇಳಿದರೋ ಇಲ್ಲವೋ? ಹೋಗಿ ಬಾಗಿಲು ತಟ್ಟಲೇ?

ಅಬ್ಬಾ, ಬೊಗಳಿತು. ಇನ್ನು ನನಗೂ ನಿದ್ದೆ ಬಂದೀತು.