ಕಾರ್ನ್‌ವಾಲಿಸನಿಗೆ ಸೌಖ್ಯ ಇಲ್ಲ

ಫರಂಗಿಪೇಟೆ
11-2-2025, ಮಂಗಳವಾರ

ಪ್ರೀತಿಯ ಪೂವಮ್ಮನಿಗೆ,

ನಿನ್ನ ಸರಸ ಬರೆಯುವುದು. ನಾನಿಲ್ಲಿ ಕ್ಷೇಮ ಅಂತ ಬರೆಯಲಿಕ್ಕೆ ಕೈ ಬರುವುದಿಲ್ಲ. ನೀನು ಹೇಗಿದ್ದೀ ಅಂತ ಕೇಳಲಿಕ್ಕೇ ಕೂತದ್ದು. ಆರನೇ ಕ್ಲಾಸನ್ನು ಅರ್ಧಕ್ಕೆ ಬಿಟ್ಟವಳು ನಾನು, ಒತ್ತು ದೀರ್ಘ ತಪ್ಪಿದರೆ ನಗಬೇಡ. ಫೋನು ಮಾಡುವ ಅಂದರೆ ನೀನು ಎತ್ತುವುದಿಲ್ಲ. ಮೆಸೇಜು ಹಾಕುವ ಅಂದರೆ ನಿನ್ನ ಫೋನು ಯಾವಾಗಲೂ ಮಗಳು ಮೋಕ್ಷಿತಾಳ ಕೈಯಲ್ಲಿ, ಇದು ಅವಳ ಕಣ್ಣಿಗೆ ಬೀಳಬಾರದ ಮಾತು. ಅದಕ್ಕೇ ನಮ್ಮ ಮೀನಿನ ಮೂಸಬ್ಬನ ಹತ್ತಿರ ಕೊಡ್ತಿದ್ದೇನೆ. ನಾಳೆ ಬೆಳಿಗ್ಗೆ ಅವ ಗಾಡಿ ತಕ್ಕೊಂಡು ಬೆಳ್ತಂಗಡಿ ದಾಟಿ ನಿಮ್ಮ ನಾರಾವಿಗೆ ಬರ್ತಾನೆ. ಪೂವಮ್ಮನ ಕೈಗೇ ಕೊಡಬೇಕು, ಅವಳ ಗಂಡ ಸುಬ್ಬಪ್ಪಣ್ಣನಿಗೂ ಬೇಡ, ಮೋಕ್ಷಿತಾಳಿಗೂ ಬೇಡ ಅಂತ ಹೇಳಿದ್ದಕ್ಕೆ, ಎಂತ ಸರಸಕ್ಕ, ಕೋರ್ಟು ನೋಟೀಸಾ ಅಂತ ಕೇಳಿದ. ಕಾಗದಕ್ಕೆ ಬಂಗುಡೆ ವಾಸನೆ ಹಿಡಿದಿದ್ದರೆ ಕ್ಷಮಿಸು.

ಮೊದಲು ಶನಿವಾರದ ತಾಳಮದ್ದಳೆ ಕೂಟದ ವಿಷಯ ಬರೆದು ಮುಗಿಸ್ತೇನೆ.

ನಿನ್ನೆ ಶೋಧನ್ ಸರ್ ಫೋನು ಮಾಡಿದರು. ಮೂಡಬಿದ್ರೆಯ ಕಾಲೇಜಿನಲ್ಲಿ ಚರಿತ್ರೆ ಕಲಿಸುವವರಲ್ಲವಾ, ಅವರ ದನಿ ಯಾವಾಗಲೂ ಪಾಠದ ಹಾಗೆಯೇ. ಪೂವಮ್ಮನವರಿಗೆ ಸೌಖ್ಯ ಇಲ್ಲವಂತೆ, ಶನಿವಾರ ನಮ್ಮ ಕಾಲೇಜಿನ ಕೂಟಕ್ಕೆ ಬರುವುದಿಲ್ಲವಂತೆ, ಬದಲಿಗೆ ಮಗಳನ್ನು ಕಳಿಸ್ತಾರಂತೆ ಅಂತ ಹೇಳಿ ಅವರೇ ಜೋರು ನಗಾಡಿದರು. ಯಾಕೆ ನಗು ಅಂತ ನಿನಗೆ ಹೇಳಬೇಕಾ. ಅವರು ಬರೆದ ಪ್ರಸಂಗದ ಕೊನೆಯೇ ಅದಲ್ಲವಾ. ಅಮೇರಿಕದವರು ಬ್ರಿಟಿಷರ ಮೇಲೆ ವರ್ಷಗಟ್ಟಲೆ ಯುದ್ಧ ಮಾಡಿ, ಕಡೆಗೆ ಯಾರ್ಕ್‌ಟೌನಿನಲ್ಲಿ ಅವರ ಸೇನಾಪತಿ ಕಾರ್ನ್‌ವಾಲಿಸನನ್ನು ಸುತ್ತು ಹಾಕಿ ಹಿಡಿದಾಗ, ಕತ್ತಿ ಒಪ್ಪಿಸುವ ದಿನ ಅವ ಸೌಖ್ಯ ಇಲ್ಲ ಅಂತ ಹೇಳಿ ಒಳಗೇ ಕೂತ. ಕೈಕೆಳಗಿನ ಓಹಾರ ಅನ್ನುವವನ ಕೈಯಲ್ಲಿ ಕತ್ತಿ ಕಳಿಸಿದ. ನಮ್ಮ ಮಹಿಳಾ ತಂಡದ ಗ್ರೂಪಿನಲ್ಲಿ ಈಗ ಇದೇ ತಮಾಷೆ. ಪೂವಮ್ಮ ಇನ್ನೂ ಕಾರ್ನ್‌ವಾಲಿಸನ ಪಾತ್ರ ಬಿಟ್ಟು ಎದ್ದಿಲ್ಲ ಅಂತ ಒಬ್ಬಳು, ನಮ್ಮ ಓಹಾರ ಮೋಕ್ಷಿತಾಳಿಗೆ ಮೇ ತಿಂಗಳಲ್ಲಿ ಮದುವೆ, ಕತ್ತಿ ಹಿಡಿಯುವಾಗ ಮೆಹಂದಿ ಜಾಗ್ರತೆ ಅಂತ ಇನ್ನೊಬ್ಬಳು. ನಾನೂ ನಕ್ಕೆ ಪೂವಮ್ಮ. ಸುಳ್ಳು ಯಾಕೆ ಹೇಳಲಿ. ನನ್ನನ್ನು ಬಂಟ್ವಾಳದಲ್ಲಿ ಅಷ್ಟು ಜನರ ಎದುರು ಮೂಗಿ ಮಾಡಿದವಳು ಈಗ ಅಡಗಿ ಕೂತಳು ಅಂತ ಒಳಗೊಳಗೇ ಖುಷಿಯೂ ಆಯಿತು.

ಅದು ಹೆಚ್ಚು ಹೊತ್ತು ನಿಲ್ಲಲಿಲ್ಲ. ನನ್ನ ತಲೆ ನಿನಗೆ ಗೊತ್ತುಂಟಲ್ಲ, ಒಂದು ಹುಳ ಹೊಕ್ಕರೆ ತೂತು ಕೊರೆಯದೆ ಬಿಡುವುದಿಲ್ಲ.

ಬಂಟ್ವಾಳದ ಭಜನಾ ಮಂದಿರದ ಕೂಟವನ್ನು ನಾನು ಎಷ್ಟು ಸಲ ನೆನೆದೆನೋ. ಯಕ್ಷಗಾನದ ಆಟದಲ್ಲಾದರೆ ಕಿರೀಟ ಉಂಟು, ಕುಣಿತ ಉಂಟು, ಮಾತು ಮರೆತರೆ ಒಂದು ಸುತ್ತು ತಿರುಗಿ ಸುಧಾರಿಸಬಹುದು. ತಾಳಮದ್ದಳೆಯಲ್ಲಿ ಸೀರೆ ಉಟ್ಟು ಸಾಲಾಗಿ ಕೂತು ಬರೀ ಮಾತು. ಭಾಗವತರು ಪದ ಹಾಡಿ ಬಿಡ್ತಾರೆ, ಅರ್ಥ ಹೇಳುವುದು ನಮ್ಮ ಹಣೆಬರಹ. ಅಮೇರಿಕದವರ ಸೇನಾಪತಿ ವಾಷಿಂಗ್ಟನ್ನನ ಪಾತ್ರಕ್ಕೆ ನಾನು ಎಷ್ಟು ತಯಾರಿ ಮಾಡಿದ್ದೆ ಗೊತ್ತುಂಟಾ. ಬಂಕರ್ ಹಿಲ್‌ನಲ್ಲಿ ಬಂದೂಕಿನ ಮದ್ದು ಮುಗಿದು ಅಮೇರಿಕದವರು ಗುಡ್ಡ ಬಿಟ್ಟು ಇಳಿದದ್ದು, ಸರಟೋಗದಲ್ಲಿ ಬ್ರಿಟಿಷರ ಒಂದು ದಂಡೇ ಶರಣಾದದ್ದು, ಎಲ್ಲ ಹೊಲಿಗೆ ಮೆಷಿನು ತುಳಿಯುತ್ತ ಬಾಯಿಪಾಠ. ವಾಷಿಂಗ್ಟನ್ ಐಸು ತೇಲುವ ಹೊಳೆಯನ್ನು ದೋಣಿಯಲ್ಲಿ ದಾಟಿ ಟ್ರೆಂಟನ್ ಊರಿಗೆ ನುಗ್ಗುವುದನ್ನು ಹೇಳಲಿಕ್ಕೆ ಮೂಸಬ್ಬನ ಮೀನಿನ ಪೆಟ್ಟಿಗೆಯ ಐಸಿನಲ್ಲಿ ಕೈ ಇಟ್ಟು ನೋಡಿದ್ದೆ. ನಮ್ಮ ನೇತ್ರಾವತಿಯಲ್ಲಿ ಹೀಗೆ ತೇಲಿದರೆ ಹೇಗೆ ಅಂತ ಯೋಚನೆ ಮಾಡಿ ನಿದ್ದೆ ಕೆಡಿಸಿದ್ದೆ. ಅಲ್ಲಿಯವರೆಗೆ ಎಲ್ಲ ಸರಿ ಬಂತು. ನಂತರ ಯಾರ್ಕ್‌ಟೌನು ಬಂತು, ನೀನು ಬಂದೆ.

ಶರಣಾಗು ಅಂತ ಭಾಗವತರು ಪದ ಎತ್ತಿದರು. ನೀನು ಶರಣಾಗಲಿಲ್ಲ. ಸ್ವಾತಂತ್ರ್ಯ ಸ್ವಾತಂತ್ರ್ಯ ಅಂತ ಬೊಬ್ಬೆ ಹಾಕ್ತೀಯಲ್ಲ ವಾಷಿಂಗ್ಟನ್, ನಿನ್ನ ತೋಟದಲ್ಲಿ ದುಡಿಯುವ ಗುಲಾಮರಿಗೆ ಅದು ಯಾವಾಗ ಅಂತ ಕೇಳಿದೆ. ನನ್ನ ಬಾಯಿಯೂ ಬಂಕರ್ ಹಿಲ್ ಆಯಿತು, ಮದ್ದೇ ಇಲ್ಲ. ಕೂಟ ಮುಗಿದ ಮೇಲೆ ಶೋಧನ್ ಸರ್ ಹತ್ತಿರ ಕೇಳಿದೆ, ಅದಕ್ಕೆ ಉತ್ತರ ಇಲ್ಲ ಸರಸಕ್ಕ, ಅವನ ಹತ್ತಿರ ಗುಲಾಮರು ಇದ್ದದ್ದು ನಿಜ ಅಂದರು. ಇಲ್ಲದ ಉತ್ತರವನ್ನು ನಾನೆಲ್ಲಿಂದ ಹೊಲಿದು ಕೊಡಲಿ. ಭಾಗವತರು ಎರಡನೇ ಸಲ ಪದ ಹಾಡಿದರು, ನೀನು ಮತ್ತೂ ಏರಿದೆ. ಅವಸರ ಮಾಡಬೇಡಿ ಭಾಗವತರೇ, ನನಗೆ ಮುಂದೆ ಶ್ರೀರಂಗಪಟ್ಟಣಕ್ಕೆ ಹೋಗಲಿಕ್ಕುಂಟು, ಟಿಪ್ಪು ಕಾಯ್ತಾನೆ ಅಂದೆ. ಮಂದಿರ ಹಾರಿ ಬೀಳುವಷ್ಟು ನಗು, ಚಪ್ಪಾಳೆ.

ಆಮೇಲೆ ನಿನ್ನ ದನಿ ಇಳಿಯಿತು. ಹೊರಗಿನ ತೋಪಿಗೆ ನಾನು ಹೆದರುವುದಿಲ್ಲ ವಾಷಿಂಗ್ಟನ್, ಕೋಟೆಯ ಒಳಗೇ ಜ್ವರ ಹೊಕ್ಕಿದೆ, ಅದು ನಿನ್ನ ಕಣ್ಣಿಗೆ ಕಾಣುವುದಿಲ್ಲ, ಸಹಾಯದ ಹಡಗು ಬರುವವರೆಗೆ ನಾನು ಹೀಗೇ ನಗುತ್ತ ಬಾಗಿಲು ಕಾಯಬೇಕು ಅಂದೆ. ಹಾಗೆ ಹೇಳುವಾಗ ನಿನ್ನ ಬಲಗೈ ಎಡಗಂಕುಳ ಕೆಳಗೆ ಒತ್ತಿ ಹಿಡಿದಿತ್ತು. ಹಣೆಯಲ್ಲಿ ಬೆವರು. ನೀರಿನ ಲೋಟ ಎತ್ತಿದಾಗ ಸೆರಗಿಗೆ ಚೆಲ್ಲಿತು. ಎದುರಿನ ಸಾಲಿನವರು ಆಹಾ ಎಂತ ಭಾವ ಮಾರಾಯ್ರೇ ಅಂದರು. ಪೂವಮ್ಮ, ಅಷ್ಟು ಜನ ಕೂತು ನಿನ್ನ ನೋವಿಗೆ ಚಪ್ಪಾಳೆ ಹೊಡೆದೆವಾ? ಬೇರೆ ಊರಿನವರಾದರೆ ಯಾರಾದರೂ ಎದ್ದು ಎಂತಾಯ್ತಮ್ಮ ಅಂತ ಕೇಳ್ತಿದ್ದರು. ನಾವು ಅರ್ಥಗಾರಿಕೆ ಅಂತ ತಲೆ ಆಡಿಸಿದೆವು. ನಾನಂತೂ ಪಕ್ಕದಲ್ಲೇ ಕೂತವಳು, ನನ್ನ ಅವಮಾನವನ್ನೇ ನೆಕ್ಕುತ್ತಿದ್ದೆ.

ಅಲ್ಲ, ಇದು ಬರೀ ನನ್ನ ಹೆದರಿಕೆಯೂ ಇರಬಹುದು ಅಂತ ಆಮೇಲೆ ಅನ್ನಿಸಿತು. ಆದರೆ ನಿನ್ನ ಅಳತೆ ರವಕೆ ಇತ್ತಲ್ಲ.

ಮೋಕ್ಷಿತಾಳ ಮದುವೆಗೆ ನಿನ್ನ ರವಕೆ ಹೊಲಿಯಲಿಕ್ಕೆ ಅಂತ ನೀನು ಬಂಟ್ವಾಳದ ಕೂಟದ ದಿನ ನನ್ನ ಚೀಲಕ್ಕೆ ಹಾಕಿದ್ದೀ. ಸಿಟ್ಟಿನಲ್ಲಿ ನಾನು ಬಿಚ್ಚಿಯೇ ಇರಲಿಲ್ಲ. ನಿನ್ನೆ ಆ ಫೋನು ಬಂದ ಮೇಲೆ ಬಿಚ್ಚಿದೆ. ಎರಡೂ ಬದಿ ಕೈಹೊಲಿಗೆ ಹಾಕಿ ಒಳಗೆ ಹಿಡಿದಿದ್ದೀ, ಅಷ್ಟು ಬಡಕಲಾಗಿದ್ದೀಯಾ ನೀನು? ಎಡಗಂಕುಳಲ್ಲಿ ಮಾತ್ರ ಹೊಲಿಗೆ ಬಿಚ್ಚಿ ಬಿಟ್ಟಿದ್ದೀ. ಒಳಗಿನಿಂದ ಹಳೆ ಪಂಚೆಯ ಮೆತ್ತನೆ ತುಂಡು ಇಟ್ಟು ನಾಲ್ಕು ಹೊಲಿಗೆ. ಮೈ ಇಳಿದವರು ರವಕೆ ಚಿಕ್ಕದು ಮಾಡ್ತಾರೆ, ಮೈ ಬಂದವರು ದೊಡ್ಡದು ಮಾಡ್ತಾರೆ. ಒಂದೇ ರವಕೆಯಲ್ಲಿ ಎರಡೂ ಮಾಡುವವರನ್ನು ನಾನು ಇದುವರೆಗೆ ಒಬ್ಬಳನ್ನೇ ನೋಡಿದ್ದು. ಸೈನಬಳ ತಂಗಿಯನ್ನು. ಸೈನಬ ಯಾರು ಅಂತ ನೆನಪುಂಟಲ್ಲ, ಮೂಸಬ್ಬನ ಹೆಂಡತಿ, ನನ್ನ ಅಂಗಡಿಯ ಪಕ್ಕ ಬಳೆ ಮಾರುವವಳು. ಅವಳ ತಂಗಿಯೂ ಎದೆಯ ಗಡ್ಡೆಯನ್ನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದಳು. ಪುಣ್ಯಕ್ಕೆ ಬೇಗ ತೋರಿಸಿದರು, ಈಗ ಮೊನ್ನೆ ಅಂಗಡಿಗೆ ಬಂದು ನನ್ನ ಹತ್ತಿರ ಜಗಳ ಮಾಡುವಷ್ಟು ಗಟ್ಟಿ ಇದ್ದಾಳೆ.

ರವಕೆ ಕೈಯಲ್ಲಿ ಹಿಡಿದು ನಾನು ಸ್ಟೂಲಿನ ಮೇಲೆ ಕೂತೇ ಬಿಟ್ಟೆ. ಸೈನಬ ಬಂದು ಎಂತ ಸರಸಕ್ಕ, ವಾಷಿಂಗ್ಟನ್ ಅಳ್ತಾನಾ ಅಂತ ಕೇಳಿದಳು. ಗಂಟಲಿಗೆ ನೂಲು ಸಿಕ್ಕಿದ್ದು ಅಂದೆ.

ನನ್ನ ಊಹೆ ತಪ್ಪಾಗಿದ್ದರೆ ಬಯ್ಯಿ. ಇಲ್ಲಿಗೇ ಬಂದು ನನ್ನ ಇಸ್ತ್ರಿಪೆಟ್ಟಿಗೆ ತೆಗೆದು ನನ್ನ ತಲೆಗೇ ಹಾಕು. ತಪ್ಪಾಗಿರಲಿ ದೇವರೇ ಅಂತ ನಿನ್ನೆಯಿಂದ ನಾನು ಹರಕೆ ಹೇಳದ ದೈವ ಇಲ್ಲ. ಆದರೆ ನಿಜವಾಗಿದ್ದರೆ ನೀನು ಯಾಕೆ ಬಾಯಿ ಬಿಡುವುದಿಲ್ಲ ಅಂತ ನನಗೆ ಗೊತ್ತಾಯಿತು. ಮೇ ತಿಂಗಳಲ್ಲಿ ಮೋಕ್ಷಿತಾಳ ಮದುವೆ. ತಾಯಿಗೆ ಆ ಕಾಯಿಲೆ ಅಂತ ತಿಳಿದರೆ ಗಂಡಿನ ಕಡೆಯವರು ಎಂತ ಹೇಳ್ತಾರೋ, ನಾಳೆ ಮಗಳಿಗೂ ಬಂದರೆ ಅಂತ ಹಿಂದೆ ಸರಿದರೋ. ಆ ಮದುವೆಯೇ ನಿನ್ನ ಹಡಗು ಅಲ್ಲವಾ? ಅದು ಬರುವವರೆಗೆ ನಗುತ್ತ ಬಾಗಿಲು ಕಾಯುವುದಾ?

ನಿನ್ನ ಮಾತು ಪೂರ್ತಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಜನ ಹೇಗೆ ಅಂತ ನನಗೂ ಗೊತ್ತುಂಟು. ಆದರೆ ಅಂದು ಮಂದಿರದಲ್ಲಿ ನನಗೆ ಬಾಯಿಗೆ ಬಾರದ ಉತ್ತರ ಇವತ್ತು ಮೆಷಿನಿನ ಎದುರು ಕೂತಾಗ ಬಂತು. ಕೇಳು, ಕಾರ್ನ್‌ವಾಲಿಸ್. ನೀನು ಕಾಯುವ ಹಡಗು ಸಮಯಕ್ಕೆ ಬರುವುದಿಲ್ಲ. ಅದು ಹೊರಟಿತ್ತು ಅಂತ ಶೋಧನ್ ಸರ್ ಹೇಳ್ತಾರೆ, ಆದರೆ ಮುಟ್ಟುವಾಗ ಎಲ್ಲ ಮುಗಿದಿತ್ತು. ಬರಲಿ ಬರಲಿ ಅಂತ ಕಾದಷ್ಟು ಹೊತ್ತೂ ಕೋಟೆಯ ಸುತ್ತ ನಮ್ಮವರು ತೋಡುವ ಕಂದಕದ ಕಣಿ ಹತ್ತಿರ ಹತ್ತಿರ ಬರ್ತಾ ಇತ್ತು. ಇನ್ನೊಂದು ಮಾತು, ನೀನೇ ತಮಾಷೆಗೆ ಹೇಳಿದ್ದು. ಕತ್ತಿ ಕೊಟ್ಟ ಕಾರ್ನ್‌ವಾಲಿಸ್ ಸತ್ತನಾ? ಇಲ್ಲ. ಊರಿಗೆ ಹೋದ, ಉಂಡ, ಮಲಗಿದ, ವರ್ಷಗಳು ಕಳೆದು ಟಿಪ್ಪುವಿನ ಮೇಲೆ ಯುದ್ಧಕ್ಕೆ ನಮ್ಮ ಶ್ರೀರಂಗಪಟ್ಟಣಕ್ಕೆ ಬಂದ. ಶರಣಾದದ್ದಕ್ಕೇ ಅವ ಅಲ್ಲಿಗೆ ಮುಟ್ಟಿದ್ದು. ಕೋಟೆ ಹಿಡಿದುಕೊಂಡೇ ಕೂತಿದ್ದರೆ ಯಾರ್ಕ್‌ಟೌನಿನ ಮಣ್ಣಲ್ಲೇ ಇರ್ತಿದ್ದ. ಡಾಕ್ಟರ ಎದುರು ಬಾಯಿ ಬಿಟ್ಟರೆ ಸೋತ ಹಾಗೆ ಅಂತ ಯಾರು ಹೇಳಿದ್ದು ನಿನಗೆ? ನಿನಗೆ ಮೊಮ್ಮಕ್ಕಳ ಹಣೆಗೆ ಬೊಟ್ಟಿಡಲಿಕ್ಕುಂಟು. ನನ್ನನ್ನು ಇನ್ನೂ ಹತ್ತು ಕೂಟದಲ್ಲಿ ಮೂಗಿ ಮಾಡಲಿಕ್ಕುಂಟು.

ಈಗ ಹೇಳು, ಭಾಗವತರು ಮೂರನೇ ಸಲ ಪದ ಎತ್ತಿದ್ದಾರೆ ಅಂತ ತಿಳಿ. ಎಂತ ಅರ್ಥ ಹೇಳ್ತೀ?

ಮೋಕ್ಷಿತಾಳ ಕೈಯಲ್ಲಿ ನೀನು ಕಳಿಸುವ ಕತ್ತಿ ನನಗೆ ಬೇಡ. ನಾನು ತೆಗೆದುಕೊಳ್ಳುವುದಿಲ್ಲ. ಮಗುವಿಗೆ ಗೊತ್ತೂ ಇಲ್ಲ ಪಾಪ, ಯಾರ ಭಾರ ಹೊತ್ತು ಬರ್ತಾಳೆ ಅಂತ.

ಮೂಸಬ್ಬನ ಹತ್ತಿರ ಒಂದು ಕಟ್ಟೂ ಕೊಟ್ಟಿದ್ದೇನೆ. ಅದರಲ್ಲಿ ಹೊಸ ರವಕೆ ಉಂಟು. ಮದುವೆಯದ್ದಲ್ಲ, ಅದು ಆಮೇಲೆ. ಇದು ತೆಳು ಹತ್ತಿಯದ್ದು, ಎಡಗಂಕುಳಿಗೆ ಬೇರೆ ತುಂಡು ಕೊಟ್ಟು ಸಡಿಲ ಬಿಟ್ಟಿದ್ದೇನೆ, ಎಲ್ಲಿಯೂ ಉಜ್ಜುವುದಿಲ್ಲ. ಹುಕ್ಕು ಮುಂದೆ, ದೊಡ್ಡದು, ಬಿಚ್ಚಲಿಕ್ಕೆ ಸುಲಭ. ಶನಿವಾರ ಅದನ್ನೇ ಹಾಕು.

ನಾನು ಹೆದರುಪುಕ್ಕಲಿ ಅಂತ ನೀನು ಯಾವಾಗಲೂ ಹೇಳ್ತೀ. ಹೌದು. ನನ್ನ ಪಾಲಿನ ಹೆದರಿಕೆ ನಾನೇ ಹೆದರ್ತೇನೆ, ನಿನ್ನದನ್ನೂ ನನಗೆ ಕೊಡು, ಅಭ್ಯಾಸ ಉಂಟು. ನೀನು ಬರೀ ಬಸ್ಸು ಹತ್ತು.

ನಿನ್ನ ಎದುರು ಅರ್ಥಧಾರಿ,
ನಿನ್ನದೇ ಸರಸ

ತಾ.ಕ.: ಯಾವ ಬಸ್ಸು ಅಂತ ಬರೆಯಲೇ ಇಲ್ಲ ನೋಡು. ಶನಿವಾರ ಬೆಳಿಗ್ಗೆ ಮೋಕ್ಷಿತಾಳನ್ನು ಕೂಟಕ್ಕೆ ಮುಟ್ಟಿಸಿ ಬರ್ತೇನೆ ಅಂತ ಹೇಳಿ ಅವಳ ಜೊತೆ ನಾರಾವಿಯಿಂದ ಮಂಗಳೂರಿನ ಬಸ್ಸು ಹತ್ತು. ಮೂಡಬಿದ್ರೆಯಲ್ಲಿ ಅವಳು ಇಳಿಯಲಿ, ನೀನು ಇಳಿಯಬೇಡ. ನಾನು ನನ್ನ ಮಗಳು ನವ್ಯಾಳನ್ನು ಕಾಲೇಜಿಗೆ ಬಿಟ್ಟು ಸ್ಟ್ಯಾಂಡಿನಲ್ಲೇ ನಿಂತಿರ್ತೇನೆ, ಅದೇ ಬಸ್ಸು ಹತ್ತಿ ನಿನ್ನ ಪಕ್ಕ ಕೂತುಕೊಳ್ತೇನೆ. ಮಂಗಳೂರಿನಲ್ಲಿ ಸೈನಬಳ ತಂಗಿಯನ್ನು ನೋಡಿದ ಹೆಂಗಸು ಡಾಕ್ಟರೇ, ಚೀಟಿ ತೆಗೆದು ಆಗಿದೆ. ಚೀಟಿ ನನ್ನ ಹೆಸರಲ್ಲಿ. ಗಡ್ಡೆ ಇರುವುದು ನನಗೆ ಅಂತ ಮನೆಯಲ್ಲೂ ತಂಡದಲ್ಲೂ ಹೇಳಿದ್ದೇನೆ. ನಿನ್ನನ್ನು ಯಾರಾದರೂ ಆಸ್ಪತ್ರೆಯಲ್ಲಿ ಕಂಡರೆ ಸರಸನ ಜೊತೆಗೆ ಬಂದದ್ದು ಅಂತ ಹೇಳಿದರೆ ಆಯಿತು. ತಲೆನೋವು ಬಂದರೆ ಮೆದುಳುಜ್ವರ ಅಂತ ಬೊಬ್ಬೆ ಹಾಕುವವಳು ನಾನು, ಹಾಗಾಗಿ ಇವರು ಕೂಡ ಹೂಂ ಹೋಗಿ ತೋರಿಸಿ ಬಾ ಅಂದು ಪೇಪರು ಓದಿದರು. ನನ್ನ ಹೆದರಿಕೆ ಒಂದು ಉಪಯೋಗಕ್ಕೆ ಬಿತ್ತು. ಡಾಕ್ಟರ ಎದುರು ಮಾತ್ರ ನಿನ್ನ ಹೆಸರು ನೀನೇ ಹೇಳಬೇಕು.

ಕಾಲೇಜಿನ ಸ್ಟೇಜು ನನಗೆ ಎಷ್ಟು ಆಸೆ ಇತ್ತು ಅಂತ ಕೇಳಬೇಡ. ನನ್ನ ಬದಲು ನವ್ಯಾ ಕೂತುಕೊಳ್ತಾಳೆ. ಶೋಧನ್ ಸರ್ ಹತ್ತಿರ ಹೆದರಿ ಹೆದರಿ ಹೇಳಿದೆ, ಪ್ರಸಂಗ ಹಾಳಾಯಿತಾ ಸರ್ ಅಂತ. ಇಲ್ಲ ಸರಸಕ್ಕ, ಯಾರ್ಕ್‌ಟೌನಿನಲ್ಲೂ ಓಹಾರ ಬಂದದ್ದು ನೋಡಿ ವಾಷಿಂಗ್ಟನ್ ಕತ್ತಿಗೆ ಕೈ ಒಡ್ಡಲಿಲ್ಲ, ತನ್ನ ಕೈಕೆಳಗಿನವನನ್ನು ತೋರಿಸಿದ, ಇಬ್ಬರು ದೊಡ್ಡವರೂ ಕತ್ತಿ ಮುಟ್ಟಲಿಲ್ಲ ಅಂದರು. ಮಕ್ಕಳು ಯುದ್ಧ ಮುಗಿಸಲಿ. ನೀನು ಕಿಟಕಿ ಬದಿಯ ಸೀಟು ಹಿಡಿ, ನನಗೆ ವಾಂತಿ ಬರ್ತದೆ, ಗೊತ್ತುಂಟಲ್ಲ.