ಪರಾಕು ಪ್ರಾಪರ್ಟಿ

ಡಿಸೆಂಬರ್ 9, ಮಂಗಳವಾರ
ಇಂದೂ ಸೈರನ್ ಕೋಡ್. ಕಾಡಂಚಿನ ಕ್ಯಾಮರಾಕ್ಕೆ ಆನೆ ಕಂಡರೆ ಎಸ್ಟೇಟಿನ ಕಂಬಗಳು ಕೂಗಬೇಕು. ಕೂಗಿದರೆ ಕಾಫಿ ಹಣ್ಣು ಕೊಯ್ಯುವವರು ಚೀಲ ಬಿಟ್ಟು ಓಡುತ್ತಾರೆ. ಕೂಗದಿದ್ದರೆ ಕೊಯ್ಯುತ್ತಾರೆ. ಅಷ್ಟೇ ಇಲ್ಲಿನ ಕಾನೂನು.

ಸಂಜೆ, ಲೋಕಕಲ್ಯಾಣಾರ್ಥ ಒಂದು ಘನಕಾರ್ಯ. ಸಿ ಭಾಷೆಯಲ್ಲಿ, ಎಲ್ಲ ಕಂಬಗಳಿಗೂ ಅಚ್ಚಾದ ‘ಸೈರನ್’ ಕ್ಲಾಸ್‌ಗೆ ‘ಪರಾಕು’ ಎಂಬ ಪ್ರಾಪರ್ಟಿ, ಅಂದರೆ ಹೊಸ ಗುಣ, ರಿಜಿಸ್ಟರ್ ಮಾಡಿದೆ. ಅದು ಟ್ರೂ ಇರುವ ಕಂಬ ಸೈರನ್ ಬದಲು ನನ್ನ ದನಿಯಲ್ಲಿ “ಬಹುಪರಾಕ್! ರೈಟರ್ ಪ್ರಶಾಂತ ಮಹಾಪ್ರಭುಗಳು ದಯಮಾಡಿಸುತ್ತಿದ್ದಾರೆ!” ಎನ್ನುತ್ತದೆ. ಪ್ರಶಾಂತ ಕೂತು ಎಸ್ಟೇಟಿನ ಲೆಕ್ಕ ಬರೆಯುವ ಆಫೀಸಿನ ಕಂಬವೊಂದನ್ನೇ ರೀಸ್ಟಾರ್ಟ್ ಮಾಡಿದೆ; ರೀಸ್ಟಾರ್ಟ್ ಆದ ಕಂಬ ಮಾತ್ರ ಹೊಸ ಕೋಡ್ ಓದುತ್ತದೆ. ನಾಳೆ ಟೆಸ್ಟ್ ಬಟನ್...

ಡಿಸೆಂಬರ್ 10
ಜನ್ಮ ಸಾರ್ಥಕ. ಪ್ರಶಾಂತ ಬೆಚ್ಚಿ ಕಾಫಿ ಚೆಲ್ಲಿಕೊಂಡ. “ನಿಂಗೆ ಬೇರೆ ಕೆಲ್ಸ ಇಲ್ವೇನೋ ಮಾರಾಯ!”
ಕೋಡ್ ತೆಗೆಯಬೇಕು. ನಾಳೆ.

ಡಿಸೆಂಬರ್ 13, ಶನಿವಾರ, ಬೆಳಿಗ್ಗೆ
ಪ್ರಶಾಂತನ ಫೋನ್. “ಹರ್ಷ, ಏನೋ ಮಾಡಿದೀಯ? ತೋಟದ ಮೇಲಿನ ಬ್ಲಾಕಿನ ಕಂಬ ನನ್ ಹೆಸ್ರು ಕೂಗ್ತಿದೆಯಂತೆ. ಕೊಯ್ಯೋ ಹೆಂಗಸ್ರೆಲ್ಲ ಬಿದ್ದು ಬಿದ್ದು ನಗ್ತಿದಾರೆ.”
“ಟೆಸ್ಟ್ ಒತ್ತಿದ್ಯಾ?”
“ನಾನ್ಯಾಕೆ ಒತ್ಲಿ?”

ಯಾರೂ ಒತ್ತಿಲ್ಲ. ಹಾಗಾದರೆ ಕ್ಯಾಮರಾ... ಆನೆ.

ಡೀಫಾಲ್ಟ್! ಹುಟ್ಟುವಾಗಿನ ಬೆಲೆ ಫಾಲ್ಸ್ ಇಟ್ಟು, ಆಫೀಸ್ ಕಂಬಕ್ಕೆ ಮಾತ್ರ ಟ್ರೂ ಕೊಡಬೇಕಿತ್ತು. ಸೋಮಾರಿತನ — ಕ್ಲಾಸ್‌ನಲ್ಲೇ ಟ್ರೂ ಬರೆದೆ. ಬೆಳಿಗ್ಗೆ ಕರೆಂಟ್ ಹೋಗಿ ಬಂತು. ಎಲ್ಲ ಕಂಬಗಳೂ ಹೊಸದಾಗಿ ಶುರುವಾದವು. ಹುಟ್ಟುತ್ತಲೇ ಪರಾಕು ಹೊತ್ತವು. ಆನೆ ಬರುತ್ತಿದೆ, ಜನ ನಿಂತು ನಗುತ್ತಿದ್ದಾರೆ.

ಅದೇ ದಿನ, ಜೀಪಿನಲ್ಲಿ
ಡೈರಿ ರೂಮಿನಲ್ಲಿದೆ. ಫೋನಿನಲ್ಲೇ ಬರೆಯುತ್ತಿದ್ದೇನೆ, ಸುಮ್ಮನೆ ಕೂರಲು ಆಗುತ್ತಿಲ್ಲ.

ಕೋಡ್ ಸರಿಮಾಡಿ, ಕಂಬಗಳನ್ನು ರೀಸ್ಟಾರ್ಟ್ ಮಾಡಿ ಮೇಲಿನ ಬ್ಲಾಕಿಗೆ ಓಡಿಬಂದೆ. ಈಗ ಸೈರನ್ ಸರಿಯಾಗಿ ಕೂಗುತ್ತಿದೆ. ಕೊಯ್ಲಿನವರೆಲ್ಲ ರಸ್ತೆಗೆ ಬಂದರು. ಅವರಲ್ಲಿ ದೇವೀರಮ್ಮ ಒಬ್ಬರು ಬಂದಿಲ್ಲ. ತೋಟದೊಳಗೆ ನುಗ್ಗಹೋದ ನನ್ನನ್ನು ಮೇಸ್ತ್ರಿ ಕೆಂಚಯ್ಯ ಎಳೆದು ಜೀಪಿಗೆ ತಳ್ಳಿದರು.

“ಇಳೀಬೇಡಿ. ಅದು ಒಳಗೇ ಇದೆ.”
“ದೇವೀರಮ್ಮ?”
“ನಾವು ಓಡ್ವಾಗ್ಲೂ ನಗ್ತಿದ್ಲು. ಈ ಸೈರನ್ನೂ ಆ ಎಂಜಿನಿಯರ್ರ ತಮಾಷೇನೇ ಅಂದ್ಲು.”

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಎದುರಿನ ಕಾಫಿ ಗಿಡಗಳು ಅಲ್ಲಾಡುತ್ತಿವೆ. ಒಂದು ಸಾಲು. ಈಗ ಅದರ ಮುಂದಿನದು. ಈ ಕಡೆಗೇ. ಬರುತ್ತಿರುವುದು ದೇವೀರಮ್ಮನೇ ಆಗಿರಲಿ. ದೇವರೇ, ದೇವೀರಮ್ಮನೇ—