ಗೋಣಿಬೀಡಿನ ಬೂತಿಗೆ ಬರಬೇಕಿದ್ದ ಫೋನು

೧೨ ಜನವರಿ ೧೯೯೭, ಭಾನುವಾರ. ಬೆಳಿಗ್ಗೆ ೯

ನಮ್ಮ ಎಸ್‌ಟಿಡಿ ಬೂತ್ ಗುಡಿಸಿ, ಫೋನಿಗೆ ಊದುಬತ್ತಿ ತೋರಿಸಿ ಕೂತೆ. ತಿಡಾ ಏಳಕ್ಕೇ ಬಂದಿದ್ದಾಳೆ. ಇಲ್ಲಿನ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುವ ಬರ್ಮಾದ ಹುಡುಗಿ. ಅಲ್ಲಿ ಸೈನ್ಯ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿಸಿದ ವರ್ಷ ಕಾಡು ದಾಟಿ ಬಂದವಳು. ಆಗ ಹತ್ತೊಂಬತ್ತು. ಎಂಟು ವರ್ಷ ಅಪ್ಪನ ದನಿ ಕೇಳಿಲ್ಲ. ಇವತ್ತು ಅವರು ಸಂತೆಯ ನೆಪದಲ್ಲಿ ಗಡಿ ದಾಟಿ, ಮಣಿಪುರದ ಒಂದು ಬೂತಿನಿಂದ ಫೋನ್ ಮಾಡ್ತಾರೆ. ಸಂಜೆಯೊಳಗೆ ವಾಪಸಾಗಬೇಕು.

ರಾತ್ರಿ

ಬಂತು. ತಿಡಾ ಆಗ ನಮ್ಮ ಮನೆಯೊಳಗೆ. ಕಡುಬು ತಿನ್ನು ಅಂತ ನನ್ನ ಹೆಂಡತಿ ಪ್ರೇಮಾ ಎಳೆದುಕೊಂಡು ಹೋಗಿದ್ದಳು. ನಾನೇ ಎತ್ತಿದೆ. ಅಭ್ಯಾಸ... "ಯಾರು ಮಾತಾಡೋದು? ಯಾವೂರು?" ಆಚೆ ಬರೀ ಉಸಿರು. ಇಂಗ್ಲಿಷಿನಲ್ಲೂ ಕೇಳಿದೆ — ನಿಮ್ಮ ಹೆಸರು? ಊರು? ಕಟ್.

"ನೀವು ಫೋನ್ ಎತ್ತೋದೇ ಪೊಲೀಸ್ ಸ್ಟೇಷನ್ ಥರ," ಪ್ರೇಮಾ.

"ಬೈಬೇಡಿ ಆಂಟಿ. ಅಂಕಲ್ ಮರ್ಯಾದೆಗೆ ಕೇಳಿದ್ದು. ನಮ್ಮಲ್ಲಿ ಹೆಸರು, ಊರು ಕೇಳೋರು ಸೈನ್ಯದವರು. ಅಪ್ಪ ಹೆದರಿರಬೇಕು," ತಿಡಾ.

ಕತ್ತಲಾಗುವವರೆಗೆ ಕೂತಳು. ಮೂರು ಸಲ ರಿಂಗಾಯಿತು. ಮೂರೂ ಕಾಫಿ ರೇಟ್ ಕೇಳುವವರು.

೧೪ ಜನವರಿ

ತಿಡಾ ಅಪ್ಪನಿಗೆ ಮತ್ತೆ ಕಾಗದ ಬರೆದಿದ್ದಾಳೆ. ಗಡಿಯ ವ್ಯಾಪಾರಿಯೊಬ್ಬನ ಕೈಯಲ್ಲಿ ಹೋಗಬೇಕು. ತಲುಪಬಹುದು. ತಲುಪದೆಯೂ ಇರಬಹುದು.

"ಈ ಸಲ ಫೋನ್ ಎತ್ತಿ ಏನು ಹೇಳಲಿ, ಮಾರಾಯ್ತಿ?"

"ಮೀಮೀ ಅನ್ನಿ. ಮನೇಲಿ ನನ್ನನ್ನ ಕರೆಯೋ ಹೆಸರು. ಹೊರಗಿನವರಿಗೆ ಗೊತ್ತಿಲ್ಲ."

"ಬೇರೆ ಯಾರಾದ್ರೂ ಆಗಿದ್ರೆ?"

"ಆಗಿದ್ರೆ ಆಗಲಿ ಬಿಡಿ." ನಕ್ಕಳು. ಕಣ್ಣು ನಗಲಿಲ್ಲ.

೨೬ ಜನವರಿ

ಫೋನು. "ಮೀಮೀ," ಅಂದೆ. ಆ ಕಡೆ ಜಾವಳಿಯ ರುದ್ರಪ್ಪನವರು.

"ಏನ್ ಮಾರಾಯ, ಬೆಕ್ಕು ಸಾಕಿದ್ಯಾ?"

ನಾನು ಐವತ್ತೆರಡು ವರ್ಷದವನು. ನಾಚಿಕೆ ಆಗಲಿಲ್ಲ. ಅದೇ ಆಶ್ಚರ್ಯ.

೯ ಫೆಬ್ರವರಿ, ಭಾನುವಾರ. ೧೧.೪೦

ಜಗಲಿಯಲ್ಲಿ ಕೂತು ಬರೀತಿದ್ದೇನೆ. ಬೂತಿನ ಬಾಗಿಲು ಹಾಕಿದೆ.

ಫೋನ್ ಎತ್ತಿ ಮೀಮೀ ಅಂದೆ, ಅಷ್ಟೇ. ಆಮೇಲೆ ಒಂದು ಮುದಿ ದನಿ, ಅದನ್ನೇ ತಿರುಗಿ ಅಂದಿತು. ಬೇರೆ ಥರ. ಹಾಗೆ ಅನ್ನುವುದು ನನಗೆ ಬರುವುದಿಲ್ಲ. ರಿಸೀವರ್ ತಿಡಾಳ ಕೈಗಿಟ್ಟು ಹೊರಗೆ ಬಂದೆ.

ಅವಳು ತನ್ನ ಭಾಷೆ ಆಡಿದ್ದು ನಾನು ಕೇಳಿದ್ದು ಇದೇ ಮೊದಲು. ಇಷ್ಟು ಜೋರು ಅಂತ ಗೊತ್ತಿರಲಿಲ್ಲ.

ಪ್ರೇಮಾ ಬಂದು ಪಕ್ಕ ನಿಂತಳು. "ಏನಂತೆ?"

"ಗೊತ್ತಿಲ್ಲ. ಅಪ್ಪನಿಗೆ ಬೈತಿರೋ ಹಾಗಿದೆ."

"ಬೈಲಿ ಬಿಡಿ. ಎಂಟು ವರ್ಷದ್ದು."

ಈಗ ಅವಳು ಕೇಳಿಸಿಕೊಳ್ತಿದ್ದಾಳೆ. ಆಚೆಯವರ ಸರದಿ ಇರಬೇಕು. ಇನ್ನೂ ರಿಸೀವರ್ ಇಟ್ಟಿಲ್ಲ.